ದಾರ ಕಟ್ಟಿದ್ದ ರೀಲು

ಹೋದ ತಿಂಗಳು ಒಂದು ಬೆಳಿಗ್ಗೆ ಗೌರಿಬಿದನೂರಿನ ನಮ್ಮ ಅಡುಗೆಮನೆಯಲ್ಲಿ ಮೂವರಿದ್ದೆವು. ನನ್ನ ಹೆಂಡತಿ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎರಡು ದಿನ ಇದ್ದು ಹೋಗಲು ಬಂದಿದ್ದ ಅವಳ ತಂಗಿ ಸಿಂಕಿನ ನಲ್ಲಿಗೆ ಏನನ್ನೋ ಹಚ್ಚಿ ಉಜ್ಜುತ್ತಿದ್ದಳು. ನಾನು ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಇಬ್ಬರ ಓಡಾಟಕ್ಕೂ ಅಡ್ಡವಾಗಿ ಕಾಫಿ ಕುಡಿಯುತ್ತಿದ್ದೆ. ನಮ್ಮ ಬೋರ್‌ವೆಲ್ ನೀರಿನ ವಿಷಯ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆರು ತಿಂಗಳಲ್ಲಿ ನಲ್ಲಿಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ.

"ಏನಮ್ಮಾ ಅದು, ಈ ಪಾಟಿ ಘಾಟು?" ಎಂದೆ.

"ವಿನೆಗರ್ ಭಾವ. ಮೊಬೈಲಲ್ಲಿ ತೋರ್ಸಿದ್ರು. ನೋಡ್ತಿರಿ, ಬಿಳಿ ಎಲ್ಲಾ ಹೆಂಗೆ ಬಿಟ್ಕೊಳುತ್ತೆ."

ಬಿಳಿ ಬಿಟ್ಟುಕೊಂಡಿತೋ ಇಲ್ಲವೋ ನಾನು ನೋಡಲಿಲ್ಲ. ಆ ಹುಳಿ ಘಾಟು ಮೂಗಿಗೆ ಏರಿದ ಕೂಡಲೇ ನಾನು ಶಿಡ್ಲಘಟ್ಟದಲ್ಲಿ ಫೋಟೋ ತೊಳೆಯುವ ಒಂದು ಕತ್ತಲೆ ಕೋಣೆಯಲ್ಲಿ ನಿಂತಿದ್ದೆ. ಕೆಂಪು ಬಲ್ಬು, ಮೂರು ತಟ್ಟೆ, ಮಧ್ಯದ ತಟ್ಟೆಯಿಂದ ಏಳುವ ಇದೇ ವಾಸನೆ. ಬಗ್ಗಿ ಕಾಗದವನ್ನು ಇಕ್ಕಳದಿಂದ ಅಲ್ಲಾಡಿಸುತ್ತಿರುವ ಒಂದು ಬೆನ್ನು... ಸ್ಟುಡಿಯೋ ಭಾಯಿಯ ಬೆನ್ನು.

"ಯಾಕ್ರೀ, ಕಾಫಿ ಆರೋಗ್ತಿದೆ" ಎಂದಳು ಹೆಂಡತಿ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಂಸಾರ ಮಾಡಿದವಳು, ಈ ಒಂದು ವಿಷಯ ಮಾತ್ರ ನಾನು ಅವಳಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತೈದರಲ್ಲಿ ನಾನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ತಾತ್ಕಾಲಿಕ ಗುಮಾಸ್ತನಾಗಿ ಹೋದೆ. ಭಾಯಿಯ ಫೋಟೋ ಸ್ಟುಡಿಯೋದ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಸ್ಟುಡಿಯೋ, ಅದರ ಹಿಂದೆ ಭಾಯಿಯ ಸಂಸಾರ. ಪಕ್ಕದ ಗೋಡೆಗೆ ಅಂಟಿಕೊಂಡೇ ರೇಷ್ಮೆ ಬಿಚ್ಚುವ ಚರಕಗಳು. ಕುದಿಯುವ ಗೂಡಿನ ವಾಸನೆ, ಚರಕದ ಸದ್ದು, ಇವಕ್ಕೆ ಒಂದು ವಾರದಲ್ಲಿ ಒಗ್ಗಿಕೊಂಡೆ. ಒಗ್ಗದೇ ಇದ್ದದ್ದು ಎಳೆಗಳು. ಅಲ್ಲಿ ರೇಷ್ಮೆ ಎಳೆ ಅಂಟದ ವಸ್ತುವೇ ಇರಲಿಲ್ಲ. ಅಂಗಿಯ ಮೇಲೆ, ಬಾಚಣಿಗೆಯಲ್ಲಿ, ಚಪ್ಪಲಿಯ ಉಂಗುಷ್ಠದಲ್ಲಿ, ಒಮ್ಮೊಮ್ಮೆ ಅನ್ನದಲ್ಲಿ. ಊರಿನವರು ಮಾತಾಡುತ್ತಲೇ ಎದುರಿಗಿದ್ದವರ ಭುಜದಿಂದ ಒಂದು ಎಳೆ ತೆಗೆದು ಬಿಸಾಡುತ್ತಿದ್ದರು. ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ತೆಗೆಸಿಕೊಂಡವರೂ.

ಭಾಯಿಗೆ ಆಗ ನಲವತ್ತೈದರ ಹತ್ತಿರ. ಎತ್ತರದ ಆಳು, ಮುಂದಲೆ ಬೋಳು, ಯಾವಾಗಲೂ ಬೆರಳ ತುದಿಯಲ್ಲಿ ಫೋಟೋ ತೊಳೆಯುವ ಹೈಪೋದ ಕಲೆ. ಅವರ ಅಣ್ಣತಮ್ಮಂದಿರೆಲ್ಲ ರೇಷ್ಮೆ ವ್ಯಾಪಾರದಲ್ಲಿದ್ದರು. ಇವರೊಬ್ಬರೇ ಕ್ಯಾಮೆರಾ ಹಿಡಿದವರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇವು ಹೊಟ್ಟೆಪಾಡು. ಜೀವ ಇದ್ದದ್ದು ಬೆಟ್ಟಗುಡ್ಡಗಳಲ್ಲಿ. ಚಿಂತಾಮಣಿ ಕಡೆ ಮದುವೆ ಒಪ್ಪಿಕೊಂಡರೆ ಮುಗಿಸಿಕೊಂಡು ಅಂಬಾಜಿದುರ್ಗ ಹತ್ತುವರು. ಮಂಚೇನಹಳ್ಳಿ ಕಡೆ ಹೋದರೆ ಬೀಗರ ಊಟ ಬಿಟ್ಟು ಯಾವುದೋ ಕೆರೆ ಏರಿಯ ಮೇಲೆ ಸ್ಟ್ಯಾಂಡು ನಿಲ್ಲಿಸಿ ಸೂರ್ಯ ಇಳಿಯುವುದನ್ನೇ ಕಾಯುವರು. ರಜೆ ಸಿಕ್ಕಾಗಲೆಲ್ಲ ನಾನೂ ಹಿಂದೆ ಹೋಗತೊಡಗಿದೆ. ಬಸ್ಸಿನಲ್ಲಿ ಕ್ಯಾಮೆರಾ ಬ್ಯಾಗು ಅವರ ತೊಡೆಯ ಮೇಲೆ, ಸ್ಟ್ಯಾಂಡು ನನ್ನ ಕಾಲ ಸಂದಿಯಲ್ಲಿ. ಕಂಡಕ್ಟರು ಅದಕ್ಕೂ ಟಿಕೆಟು ಹರಿಯಬೇಕು ಎಂದರೆ, "ಅದಕ್ಕೆ ಮೂರೇ ಕಾಲಪ್ಪ, ಮುಕ್ಕಾಲು ಟಿಕೆಟ್ ಕೊಡು" ಎನ್ನುವರು.

"ಭಾಯ್, ಮದುವೇಲಿ ಹೆಣ್ಣು ಗಂಡಿಗೆ ಎರಡು ನಿಮಿಷ ಕಾಯಲ್ಲ ನೀವು, ಈ ಬಂಡೆಗೆ ಎರಡು ಗಂಟೆ ಕಾಯ್ತೀರಲ್ಲ" ಎಂದು ನಾನೊಮ್ಮೆ ಸ್ಟುಡಿಯೋದಲ್ಲಿ ಪ್ರಿಂಟು ನೋಡುತ್ತ ಕೇಳಿದ್ದೆ.

"ಬಂಡೆ ಮರ್ಯಾದಸ್ತ ಕಣೋ ತಮ್ಮಾ. ಅಲ್ಲಾಡಲ್ಲ, ಕಣ್ಣು ಮುಚ್ಚಲ್ಲ. ಪ್ರಿಂಟ್ ಕೈಗೆ ಬಂದ ಮೇಲೆ, ನನ್ನನ್ನ ಕಪ್ಪಗೆ ಮಾಡ್ಬಿಟ್ಟೆ ಅಂತ ಜಗಳಕ್ಕೂ ಬರಲ್ಲ."

ಪರದೆಯ ಹಿಂದಿನಿಂದ ಅವರ ಹೆಂಡತಿ, ಭಾಭಿಯ ದನಿ ಬಂತು: "ಇಪ್ಪತ್ತು ವರ್ಷ ಆಯ್ತು ನಿಖಾ ಆಗಿ. ನಂದು ಒಂದು ಫೋಟೋ ಸರಿಯಾಗಿ ತೆಗ್ದಿದ್ರೆ ಕೇಳು. ಕಲ್ಲಿಗಾದ್ರೂ ಹುಟ್ಟಬೇಕಾಗಿತ್ತು ನಾನು."

"ನೀನು ಅಲ್ಲಾಡ್ತೀಯ, ಮಾತೂ ಆಡ್ತೀಯ. ಹೆಂಗೆ ತೆಗೀಲಿ?"

ಹೀಗೆ ನಗುನಗುತ್ತ ಇದ್ದ ಮನೆ ಅದು.

ರಾತ್ರಿಯ ಆಕಾಶದ ಹುಚ್ಚು ಯಾವಾಗ ಹಿಡಿಯಿತೋ ನನಗೆ ಗೊತ್ತಿಲ್ಲ. ನಾನು ಹೋಗುವ ಹೊತ್ತಿಗೇ ಧ್ರುವ ನಕ್ಷತ್ರದ ಸುತ್ತ ಚುಕ್ಕಿಗಳು ಗೀಟು ಗೀಟಾಗಿ ತಿರುಗುವ ಒಂದು ಫೋಟೋ ಸ್ಟುಡಿಯೋ ಗೋಡೆಯಲ್ಲಿತ್ತು. ನೋಡಿದವರೆಲ್ಲ "ಇದೇನು ಗ್ರಾಮಫೋನ್ ಪ್ಲೇಟಾ?" ಎಂದು ಕೇಳುವವರೇ. ಎಂಬತ್ತಾರರ ಹೊಸದರಲ್ಲಿ, ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಆ ಧೂಮಕೇತು ಬರುತ್ತದೆಂದು ಪೇಪರುಗಳು ಬರೆಯತೊಡಗಿದಾಗ ಭಾಯಿ ಬೇರೆ ಮನುಷ್ಯನೇ ಆಗಿಬಿಟ್ಟರು. ಕಾರಣ ಏನೆಂದು ನನಗೆ ತಿಳಿದದ್ದು ಅವರ ಜೊತೆ ಮುರುಗಮಲ್ಲಕ್ಕೆ ಹೋದ ದಿನ.

ಅಲ್ಲಿ ಅವರ ಅಣ್ಣನ ಮನೆ. ಅಣ್ಣನ ಮನೆಯಲ್ಲಿ ಅವರ ತಂದೆ. ಎಂಬತ್ತು ದಾಟಿದ ಜೀವ, ಹಾಸಿಗೆಯಿಂದ ಹಜಾರಕ್ಕೆ, ಹಜಾರದಿಂದ ಹಾಸಿಗೆಗೆ ಅಷ್ಟೇ ಓಡಾಟ. ಕಣ್ಣಿಗೆ ಪೊರೆ ಬಂದು, ಯಾವ ವಸ್ತುವನ್ನೇ ಆಗಲಿ ಮೂಗಿನ ತುದಿಗೆ ಹಿಡಿದು, ಪಕ್ಕದಲ್ಲಿ ದೀಪ ಇಟ್ಟರೆ ಮಾತ್ರ ಕಾಣುತ್ತಿತ್ತು.

"ಹೋದ ಸಾರಿ ಬಂದಾಗ ನಂಗೆ ಎಂಟು ವರ್ಷ ಕಣಪ್ಪ" ಎಂದರು ತಾತ. "ಕೋಳಿ ಕೂಗೋಕೆ ಮುಂಚೆ ನಮ್ಮಮ್ಮ ಎಬ್ಬಿಸಿ ಆಚೆ ಕರ್ಕೊಂಡೋದ್ಲು. ಊರೆಲ್ಲಾ ಆಚೆ ನಿಂತಿತ್ತು. ಒಬ್ರೂ ಮಾತಾಡ್ತಿರ್ಲಿಲ್ಲ. ನಾನು ತಲೆ ಎತ್ತಿದ್ದೇ ತಡ, ಅಮ್ಮನಿಗೆ ಏನು ಭಯ ಬಂತೋ, ನನ್ನ ಕಣ್ಣು ಮುಚ್ಚಿಬಿಟ್ಲು. ಬೆರಳ ಸಂದೀಲಿ ಬಾಲ ಕಾಣ್ತು. ಬರೀ ಬಾಲ. ತಲೆ ನೋಡ್ಲೇ ಇಲ್ಲ ನಾನು." ಆಮೇಲೆ, "ಈಗ ಬಂದಿದೆ ಅಂತಾರೆ. ಈಗ ಅಮ್ಮ ಇಲ್ಲ, ಕಣ್ಣೂ ಇಲ್ಲ" ಎಂದು ನಕ್ಕರು.

"ನಾನು ತರ್ತೀನಿ ಅಬ್ಬಾ" ಎಂದರು ಭಾಯಿ. "ಇಷ್ಟು ದೊಡ್ಡ ಪ್ರಿಂಟ್ ಹಾಕ್ತೀನಿ. ಮೂಗಿಗೆ ಹಿಡ್ಕೊಂಡು ನೋಡಿ. ತಲೆ, ಬಾಲ, ಎರಡೂ."

ಮುದುಕರು ಮಗನ ದನಿ ಬಂದ ದಿಕ್ಕಿಗೆ ಕೈ ಬೀಸಿದರು. "ನೀನಾ? ನೋಡಣ."

ಆ "ನೋಡಣ"ದಲ್ಲಿ ಏನಿತ್ತೋ... ವಾಪಸು ಬರುವಾಗ ಬಸ್ಸಿನಲ್ಲಿ ಭಾಯಿ ಕ್ಯಾಮೆರಾ ಬ್ಯಾಗಿನ ಪಟ್ಟಿ ಬಿಚ್ಚಿ ಕಟ್ಟುತ್ತಲೇ ಇದ್ದರು. ಚಿಂತಾಮಣಿ ದಾಟಿದ ಮೇಲೆ, "ನಮ್ಮಪ್ಪನ ಲೆಕ್ಕದಲ್ಲಿ ನಾನು ಇನ್ನೂ ಕೆಲಸಕ್ಕೆ ಬಾರದ ಮಗ ಕಣೋ" ಎಂದರು, ಅಷ್ಟೇ.

ಧೂಮಕೇತುವಿನ ಫೋಟೋ ಸುಮ್ಮನೆ ಬರುವುದಿಲ್ಲ. ಮಸುಕಾದ ವಸ್ತು, ಬಹಳ ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಡಬೇಕು. ತೆರೆದಿಟ್ಟರೆ ಆಕಾಶ ತಿರುಗಿ ಎಲ್ಲ ಗೀಟಾಗುತ್ತದೆ. ಚಿಕ್ಕಬಳ್ಳಾಪುರದ ಲೈಬ್ರರಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಅದಕ್ಕೊಂದು ಉಪಾಯ ಇತ್ತು. ನಾನು ಓದಿ ಕನ್ನಡದಲ್ಲಿ ಹೇಳುವುದು, ಭಾಯಿ ಬಾಡಿಗೆ ರಸೀದಿಯ ಹಿಂದೆ ಚಿತ್ರ ಬರೆದುಕೊಳ್ಳುವುದು. ಎರಡು ಹಲಗೆ, ಒಂದು ಕೀಲು, ಒಂದು ಉದ್ದನೆಯ ಸ್ಕ್ರೂ. ಕೀಲನ್ನು ಧ್ರುವ ನಕ್ಷತ್ರಕ್ಕೆ ಮುಖ ಮಾಡಿ, ಮೇಲಿನ ಹಲಗೆಗೆ ಕ್ಯಾಮೆರಾ ಕೂರಿಸಿ, ಹದಿನೈದು ಸೆಕೆಂಡಿಗೊಮ್ಮೆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಿದ್ದರೆ ಕ್ಯಾಮೆರಾ ಆಕಾಶದ ಜೊತೆಗೇ ನಡೆಯುತ್ತದೆ. ಮಾಡಿಕೊಟ್ಟವರು ನಮ್ಮ ಬೀದಿಯಲ್ಲಿ ಚರಕ ಮಾಡುವ ಆಚಾರಿ.

"ಏನ್ ಸಾಬ್ರೇ, ಇದ್ರಲ್ಲಿ ಯಾವ ಗೂಡು ಬಿಚ್ಚೋದು?" ಎಂದು ಆಚಾರಿ ಕೇಳಿದರೆ, "ಮೇಲಿಂದು" ಎಂದು ಭಾಯಿ ಬೆರಳು ತೋರಿಸಿದ್ದರು.

ಯುಗಾದಿ ಅಮಾವಾಸ್ಯೆಯ ರಾತ್ರಿ ಹೋದೆವು. ಈಗ ಬೆಂಗಳೂರಿನ ಹುಡುಗರು ಸಾಲುಗಟ್ಟಿ ಹತ್ತುವ ಸ್ಕಂದಗಿರಿ. ನಮಗೆ ಅದು ಕಳವಾರದ ಬೆಟ್ಟ. ಬೆಳಕಿದ್ದಾಗಲೇ ಹತ್ತಿ, ಕೋಟೆಯ ಗೋಡೆಗೆ ಬೆನ್ನು ಕೊಟ್ಟು, ಭಾಭಿ ಕಟ್ಟಿಕೊಟ್ಟ ರೊಟ್ಟಿ ತಿಂದು ಕಾದೆವು. ಕೆಳಗೆ ಹಳ್ಳಿಯ ದೀಪಗಳು ಒಂದೊಂದಾಗಿ ಆರಿದವು. ಬೆಂಗಳೂರಿನ ಬೆಳಕು ಆಗಿನ್ನೂ ಆಕಾಶದಲ್ಲಿ ಅಷ್ಟು ಎತ್ತರ ಹತ್ತಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ನಂದಿ ಬೆಟ್ಟದ ಕರಿಯ ಬೆನ್ನಿನ ಮೇಲೆ, ದಕ್ಷಿಣದಲ್ಲಿ, ಅದು ಇತ್ತು. ನಿಜ ಹೇಳಬೇಕೆಂದರೆ ಪೇಪರಿನವರು ಬರೆದ ಹಾಗೇನೂ ಇರಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಂಜು. ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಇದೆ.

"ಇದಕ್ಕಾ ಭಾಯ್ ಇಷ್ಟು ಒದ್ದಾಡಿದ್ದು?"

"ನಾಚಿಕೆ ಸ್ವಭಾವ ಅದರದ್ದು. ಕ್ಯಾಮೆರಾ ಮುಂದೆ ಬಿಚ್ಕೊಳುತ್ತೆ, ನೋಡ್ತಿರು."

ಅವರು ಹಲಗೆಯ ಮುಂದೆ ಮಂಡಿಯೂರಿ ಕೂತರು. ನಾನು ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಗಡಿಯಾರ ನೋಡುತ್ತ "ಹೂಂ... ಹೂಂ..." ಎನ್ನುತ್ತಿದ್ದೆ. ಪ್ರತಿ ಹೂಂಗೆ ಕಾಲು ಸುತ್ತು. ಹನ್ನೆರಡು ಫೋಟೋ ತೆಗೆಯುವಷ್ಟರಲ್ಲಿ ಅವರ ಕೈ ನಡುಗತೊಡಗಿತ್ತು. ಗಾಳಿಯಲ್ಲಿ ಬೆವರು ಆರಿ ಆಗಲೇ ಮೈ ಬಿಸಿಯೇರಿತ್ತೆಂದು ಕಾಣುತ್ತದೆ. ಆದರೂ ಮರುದಿನ ಮತ್ತೆ ಬರೋಣ, ಉಳಿದ ಇಪ್ಪತ್ತನಾಲ್ಕೂ ಇದಕ್ಕೇ ಎಂದರು.

ಇಲ್ಲೊಂದು ವಿವರ ಹೇಳಬೇಕು. ಹೊಸ ರೀಲಿನ ಡಬ್ಬಿಯಿಂದ ಫಿಲ್ಮಿನ ತುದಿ ನಾಲಿಗೆಯ ಹಾಗೆ ಹೊರಗಿರುತ್ತದೆ. ತೆಗೆದು ಮುಗಿಸಿದ ಮೇಲೆ ಪೂರ್ತಿ ಒಳಗೆ ಸುತ್ತುತ್ತಾರೆ. ನಾಲಿಗೆ ಇದ್ದರೆ ಹೊಸದು, ಇಲ್ಲದಿದ್ದರೆ ಮುಗಿದದ್ದು. ಎಲ್ಲ ಸ್ಟುಡಿಯೋದಲ್ಲೂ ಇದೇ. ಭಾಯಿಗೆ ಇದ್ದದ್ದು ಒಂದೇ ಕ್ಯಾಮೆರಾ. ಅರ್ಧ ಮುಗಿದ ಬೆಟ್ಟದ ರೀಲನ್ನು ತೆಗೆದಿಟ್ಟು ಮದುವೆಯ ರೀಲು ಹಾಕಬೇಕಾಗುತ್ತಿತ್ತು. ಅದಕ್ಕೆ ಅವರು ಕ್ಯಾಮೆರಾಗೆ ಕಿವಿಯಿಟ್ಟು ನಿಧಾನ ಸುತ್ತಿ, ಒಳಗೆ ಟಕ್ ಎಂದ ಕೂಡಲೇ ನಿಲ್ಲಿಸಿ, ನಾಲಿಗೆ ಹೊರಗೇ ಉಳಿಯುವಂತೆ ತೆಗೆಯುವರು. ಆಮೇಲೆ ಅದು ಹೊಸ ರೀಲಿನ ಜೊತೆ ಬೆರೆಯಬಾರದೆಂದು ಡಬ್ಬಿಯ ಸೊಂಟಕ್ಕೆ ಹಸಿ ರೇಷ್ಮೆಯ ಒಂದು ದಾರ ಕಟ್ಟುವರು. "ದಾರ ಇದ್ರೆ ಮುಟ್ಟಬೇಡ. ಅದ್ರೊಳಗೆ ಯಾರೋ ಮಲಗಿದ್ದಾರೆ ಅಂತ ತಿಳ್ಕೋ" ಎಂದು ನನಗೆ ಹೇಳಿಕೊಟ್ಟಿದ್ದರು. ಅವತ್ತು ಬೆಳಗಿನ ಜಾವ, ಬೆಟ್ಟದ ಮೇಲೆ, ಆ ರೀಲಿಗೂ ಕಟ್ಟಿದರು. ಟಾರ್ಚು ಹಿಡಿದಿದ್ದವನು ನಾನು.

ಮರುದಿನ ಮೋಡ. ಅದರ ಮರುದಿನ ಭಾಯಿಗೆ ಮೈ ಕೆಂಡ. ಮಂಚೇನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಮದುವೆ ಒಪ್ಪಿಕೊಂಡಾಗಿತ್ತು. ದೊಡ್ಡ ಒಕ್ಕಲು ಮನೆ, ಮಾತು ತಪ್ಪುವಂತಿಲ್ಲ.

"ನೀನು ಹೋಗಿ ಬಾ ತಮ್ಮಾ" ಎಂದರು ಹಾಸಿಗೆಯಿಂದಲೇ. "ಫ್ಲಾಶ್ ಹೆಂಗೆ ಅಂತ ಗೊತ್ತಲ್ಲ. ಬ್ಯಾಗಲ್ಲಿ ಹೊಸ ರೀಲು ಮೂರಿದೆ. ಮುಹೂರ್ತಕ್ಕೆ ಒಂದು ಪೂರ್ತಿ ಇಟ್ಕೊ."

ನಾನು ಇಟ್ಟುಕೊಳ್ಳಲಿಲ್ಲ. ಮೊದಲ ಸಲ ಕೊರಳಿಗೆ ಕ್ಯಾಮೆರಾ ಬಿದ್ದಿತ್ತು. ಹೆಣ್ಣುಮಕ್ಕಳೆಲ್ಲ "ಫೋಟೋದವ್ರೇ, ನಮ್ದೊಂದು" ಎನ್ನುವರು. ಇಪ್ಪತ್ತನಾಲ್ಕು ವರ್ಷದ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಸೆಗೆ ಹೆಣ್ಣು ಬಂದು ಕೂರುವ ಹೊತ್ತಿಗೆ ಮೂರನೆಯ ರೀಲಿನಲ್ಲಿ ಕೊನೆಯ ಫೋಟೋ ಮುಗಿಯಿತು. ವಾದ್ಯದವರು ಗಟ್ಟಿಮೇಳಕ್ಕೆ ಸಿದ್ಧವಾಗುತ್ತಿದ್ದರು. ಬ್ಯಾಗೆಲ್ಲ ಜಾಲಾಡಿದೆ. ಪಕ್ಕದ ಜೇಬಿನಲ್ಲಿ ಒಂದು ರೀಲು ಸಿಕ್ಕಿತು. ನಾಲಿಗೆ ಹೊರಗಿತ್ತು. ಬೆರಳಿಗೆ ರೇಷ್ಮೆ ಎಳೆ ತಾಗಿತು. ಶಿಡ್ಲಘಟ್ಟದವನ ಬ್ಯಾಗಿನಲ್ಲಿ ರೇಷ್ಮೆ ಎಳೆ ಇರದೆ ಏನಿರುತ್ತದೆ? ಅಂಗಿಯ ಮೇಲಿಂದ ದಿನಕ್ಕೆ ಹತ್ತು ಸಲ ಕಿತ್ತು ಬಿಸಾಡುವ ಹಾಗೆ ಕಿತ್ತು ಬಿಸಾಡಿದೆ. ರೀಲು ಹಾಕಿದೆ. ಗಟ್ಟಿಮೇಳ, ಅಕ್ಷತೆ, ತಾಳಿ. ಒಂದರ ಹಿಂದೊಂದು ತೆಗೆದೆ.

ಆ ಎಳೆಗೆ ಗಂಟು ಇತ್ತು. ಕಿತ್ತಾಗ ಅದು ಸುಲಭಕ್ಕೆ ಬರಲಿಲ್ಲ, ಎರಡು ಸಲ ಎಳೆಯಬೇಕಾಯಿತು. ಎರಡನೆಯ ಸಲ ಎಳೆಯುವಾಗ ನನಗೆ ಗೊತ್ತಾಗಿತ್ತೇ... ಇಷ್ಟು ವರ್ಷ ಇದನ್ನು ಕೇಳಿಕೊಂಡಿದ್ದೇನೆ. ಗೊತ್ತಾಗಿರಲಿಲ್ಲ ಎಂದೇ ಪ್ರತಿ ಸಲವೂ ಉತ್ತರ ಕೊಟ್ಟುಕೊಂಡಿದ್ದೇನೆ.

ಮೂರು ದಿನ ಬಿಟ್ಟು ಜ್ವರ ಇಳಿದ ಮೇಲೆ ಭಾಯಿ ಡಾರ್ಕ್ ರೂಮಿಗೆ ಹೋದರು. ನಾನೂ ಹೋದೆ. ಮೊದಲ ಮೂರು ರೀಲು ಚೆನ್ನಾಗಿ ಬಂದಿದ್ದವು. "ಪರ್ವಾಗಿಲ್ಲ ಕಣೋ, ನಾನು ಸತ್ರೆ ಸ್ಟುಡಿಯೋ ನಿಂಗೇ" ಎಂದರು. ನಾಲ್ಕನೆಯದನ್ನು ನೀರಿನಿಂದ ತೆಗೆದು ಬಲ್ಬಿಗೆ ಹಿಡಿದರು. ಹಿಡಿದವರು ಹಿಡಿದೇ ಇದ್ದರು. ನೆಗೆಟಿವಿನಲ್ಲಿ ನಕ್ಷತ್ರಗಳು ಕಪ್ಪು ಚುಕ್ಕಿಗಳು. ತಾಳಿ ಕಟ್ಟುವ ಕೈಗಳ ಮೇಲೆ, ಮದುಮಗಳ ಜಡೆಯ ಮೇಲೆ, ಪುರೋಹಿತರ ಎದೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಒಂದರಲ್ಲಿ, ಅವಳ ತಲೆಯ ಹಿಂದೆ, ಬಾಲ.

"ಇದಕ್ಕೆ ದಾರ ಇರ್ಲಿಲ್ವಾ ತಮ್ಮಾ?"

ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟಿದ್ದರೆ ನಿಜ ಹೇಳುತ್ತಿದ್ದೆನೇನೋ.

"ಇರ್ಲಿಲ್ಲ ಭಾಯ್."

"ಬೆಟ್ಟದ ಮೇಲೆ ಕಟ್ಟಿದ ಹಂಗೆ ನೆನಪು ನಂಗೆ. ಟಾರ್ಚ್ ಹಿಡ್ದಿದ್ದೆಯಲ್ಲ, ನೋಡಿದ್ಯಾ ನೀನು?"

"ಇಲ್ಲ ಭಾಯ್. ಕಟ್ಲಿಲ್ಲ ನೀವು."

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಜ್ವರ ಆಗ್ಲೇ ಹತ್ತಿತ್ತು ಅನ್ಸುತ್ತೆ" ಎಂದರು. ಅಷ್ಟೇ ಆದದ್ದು. ಆ ಎರಡು ಮಾತು ಆಡಲು ನನಗೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.

ಆ ಮೇಲೆ ಮತ್ತೆ ಬೆಟ್ಟಕ್ಕೆ ಹೋಗೋಣವೆಂದರೆ ದಿನದಿನಕ್ಕೆ ಬೆಳದಿಂಗಳು ಏರುತ್ತಿತ್ತು. ಹುಣ್ಣಿಮೆ ಕಳೆಯುವಷ್ಟರಲ್ಲಿ ಆ ಮಂಜು ಎಲ್ಲಿತ್ತೆಂದು ಹುಡುಕಿದರೂ ಸಿಗದಷ್ಟು ಸೊರಗಿತ್ತು. ಅದಿನ್ನು ಬರುವುದು ನಾವ್ಯಾರೂ ಇರದ ಕಾಲಕ್ಕೆ.

ಹೆಣ್ಣಿನ ತಂದೆ ಫೋಟೋ ಒಯ್ಯಲು ಬಂದರು, ಜೊತೆಗೆ ಇಬ್ಬರು ಹಿರಿಯರು. ನಾನು ಬಣ್ಣ ಬಳಿದ ಪರದೆಯ ಹಿಂದಿದ್ದೆ. ಭಾಯಿ ಮುಚ್ಚಿಡಬಹುದಿತ್ತು, ಮುಹೂರ್ತದ ರೀಲೇ ಬೆಳಕು ತಾಗಿ ಹೋಯಿತು ಎನ್ನಬಹುದಿತ್ತು. ಹಾಗೆ ಮಾಡದೆ ಇದ್ದುದರಲ್ಲಿ ಸ್ಪಷ್ಟವಾಗಿ ಬಂದದ್ದನ್ನು ಮುಂದಿಟ್ಟು, ಆದದ್ದನ್ನು ವಿವರಿಸಿದರು. ತಪ್ಪು ಅಲ್ಲೇ ಆಯಿತು. ಆ ವರ್ಷ ಹಳ್ಳಿಹಳ್ಳಿಯಲ್ಲೂ ಬಾಲಚುಕ್ಕಿ ಬಂದರೆ ಕೇಡು ಎಂಬ ಮಾತೇ.

"ಏಮಯ್ಯಾ!" ಎಂದು ತೆಲುಗಿನಲ್ಲಿ ಶುರುಮಾಡಿದ ಗೌಡರು ಸಿಟ್ಟಿಗೆ ಕನ್ನಡವೇ ಸರಿಯೆನಿಸಿತೋ ಏನೋ, "ಊರಿಗೆ ಊರೇ ಶಾಂತಿ ಮಾಡಿಸ್ತಾ ಇದೆ, ನೀನು ಅದನ್ನ ಹಿಡ್ಕೊಂಡು ಬಂದು ನನ್ನ ಮಗಳ ತಾಳಿ ಮೇಲೆ ಬಿಟ್ಟಿದ್ದೀಯಲ್ಲಯ್ಯಾ! ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?" ಎಂದರು.

"ತಪ್ಪಾಯ್ತು ಗೌಡ್ರೇ."

"ಕ್ಯಾಮೆರಾ ಹಿಡ್ದಿದ್ದು ಬೇರೆ ಹುಡುಗ ಅಲ್ವಾ? ಎಲ್ಲಿ ಅವನು? ಕರಿ."

ಪರದೆಯ ಮೇಲೆ ಒಂದು ಉದ್ಯಾನ, ಎರಡು ಹಂಸ ಇದ್ದವು. ಅವುಗಳ ಹಿಂಬದಿಯ ಒರಟು ಬಟ್ಟೆಗೆ ನನ್ನ ಮೂಗು ತಾಗುತ್ತಿತ್ತು.

"ಅವನಿಗೇನು ಗೊತ್ತು ಪಾಪ" ಎಂದರು ಭಾಯಿ. "ರೀಲು ಕೊಟ್ಟೋನು ನಾನು. ಬೈಯೋದಿದ್ರೆ ನನ್ನ ಬೈರಿ."

ಬೈದರು. ಫೋಟೋಗಳನ್ನು ಅಲ್ಲೇ ಹರಿದು ಹಾಕಿ ಹೋದರು. ಮಾತು ಅವರಿಗಿಂತ ಮುಂದೆ ಹೋಯಿತು. ಗೌರಿಬಿದನೂರು ಕಡೆಯಿಂದ ಇನ್ನು ಯಾರೂ ಕರೆಯಲಿಲ್ಲ. ಚಿಂತಾಮಣಿಯ ಛತ್ರದಲ್ಲಿ ಯಾರೋ "ಅವನ ಕ್ಯಾಮೆರಾದಲ್ಲಿ ಬಾಲಚುಕ್ಕಿ ಸೇರ್ಕೊಂಡಿದೆಯಂತೆ" ಎಂದು ನಕ್ಕಿದ್ದು ಶಿಡ್ಲಘಟ್ಟಕ್ಕೂ ಬಂತು. ಒಂದು ವರ್ಷದಲ್ಲಿ ಪಾಸ್‌ಪೋರ್ಟ್ ಸೈಜು ಬಿಟ್ಟರೆ ಬೇರೆ ಕೆಲಸ ಉಳಿಯಲಿಲ್ಲ. ಆಚಾರಿ ಮಾಡಿಕೊಟ್ಟ ಹಲಗೆಗಳನ್ನು ಬಿಚ್ಚಿ ಒಂದನ್ನು ಭಾಭಿ ರೊಟ್ಟಿ ಲಟ್ಟಿಸಲು ಇಟ್ಟುಕೊಂಡರು. ಭಾಯಿ ಬೆಟ್ಟದ ಮಾತೆತ್ತುವುದು ಬಿಟ್ಟರು. ನಾನೇ ಒಮ್ಮೆ, "ಅಂಬಾಜಿದುರ್ಗಕ್ಕೆ ಹೋಗಣ ಭಾಯ್" ಎಂದರೆ, "ಮರೆವಿನ ಮನುಷ್ಯ ನಾನು. ಹತ್ತಿದ ಮೇಲೆ ಇಳಿಯೋದು ಮರೆತ್ರೆ?" ಎಂದರು. ನಗಲಿಲ್ಲ.

ಎಂಬತ್ತಾರರ ಮಳೆಗಾಲದಲ್ಲೇ ಮುರುಗಮಲ್ಲದ ತಾತ ತೀರಿಕೊಂಡರು. ನಾನು ಹೋಗಲಿಲ್ಲ. ಮಾರುಕಟ್ಟೆಯಲ್ಲಿ ರಜೆ ಸಿಗಲಿಲ್ಲ ಎಂದೆ. ಕೇಳಿಯೇ ಇರಲಿಲ್ಲ. ಮುಂದಿನ ವರ್ಷ ಗೌರಿಬಿದನೂರಿನಲ್ಲಿ ಖಾಯಂ ಕೆಲಸ ಸಿಕ್ಕಿತು. ಹೊರಡುವ ದಿನ ಭಾಯಿ ಬಸ್ ಸ್ಟ್ಯಾಂಡಿಗೆ ಬಂದು, ನನ್ನ ಟ್ರಂಕನ್ನು ತಾವೇ ಮೇಲೆ ಹತ್ತಿಸಿ, ಭುಜದ ಮೇಲಿದ್ದ ಒಂದು ಎಳೆ ತೆಗೆದು ಬಿಸಾಡಿ, "ಆಗಾಗ ಬರ್ತಿರು" ಎಂದರು. ನಾನು ಹೋಗಲಿಲ್ಲ. ಹೋಗದೇ ಇರುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಇನ್ನೊಂದು ಧೂಮಕೇತು ಬಂತು. ಇದು ನಾಚಿಕೆಯದಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಯವ್ಯದಲ್ಲಿ, ಟೀ ಅಂಗಡಿಯ ಮುಂದೆ ನಿಂತವರಿಗೂ ಕಾಣುವಂತೆ, ತಲೆ ಬಾಲ ಎರಡೂ ಇಟ್ಟುಕೊಂಡು ನಿಂತಿತ್ತು. ನಾಲ್ಕು ಸಂಜೆ ಮಹಡಿಯ ಮೇಲೆ ನಿಂತು ನೋಡಿದೆ. ಐದನೆಯ ದಿನ ರಜೆ ಹಾಕಿ ಭಾಯಿಯನ್ನು ಹುಡುಕಿಕೊಂಡು ಹೊರಟೆ.

ಸ್ಟುಡಿಯೋ ಇದ್ದ ಜಾಗದಲ್ಲಿ ಎಸ್‌ಟಿಡಿ ಬೂತು ಬಂದಿತ್ತು. ಭಾಭಿ ತೀರಿಹೋಗಿ ಎರಡು ವರ್ಷವಾಯಿತು, ಭಾಯಿ ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಆಚಾರಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಜಗುಲಿಯಲ್ಲಿ ಅವರ ಎದುರು ಕೂತಿದ್ದೆ. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ತಿಂದಿತ್ತು. ದನಿಯಿಂದಲೇ ಗುರುತು ಹಿಡಿದು, ಕೈ ಚಾಚಿ ನನ್ನ ಮುಖ ಮುಟ್ಟಿ, "ದಪ್ಪ ಆಗಿದ್ದೀಯ ಕಣೋ! ಫ್ರೇಮಲ್ಲಿ ಹಿಡಿಯಲ್ಲ ಈಗ" ಎಂದರು. ಹನ್ನೊಂದು ವರ್ಷದ ಮೇಲೆ ಆ ನಗು ಕೇಳಿದ್ದು.

ಆಗ ನಾನು ಸುಮ್ಮನಿದ್ದು ಬರಬಹುದಿತ್ತು. ಹೇಳಿದೆ. ದಾರ ಇತ್ತು, ನೀವು ಕಟ್ಟಿದ್ದಿರಿ, ನಾನು ನೋಡಿದ್ದೆ, ನಾನೇ ಕಿತ್ತೆ ಎಂದು ಒಂದೇ ಉಸಿರಿಗೆ ಹೇಳಿದೆ.

ಒಳಗೆ ಮಗಳು ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಅಬ್ಬಾಗೆ ನಾನೇ ಹೋಗಿ ಹೇಳ್ದೆ" ಎಂದರು ಕೊನೆಗೆ. "ಬಾಲಚುಕ್ಕಿ ಹಿಡ್ದಿದ್ದೆ ಅಬ್ಬಾ, ನನ್ನ ಮರೆವಿಂದ ಹೋಯ್ತು ಅಂತ. ಏನಂದ್ರು ಗೊತ್ತಾ? ನೀನು ಹುಟ್ಟಿದಾಗಿಂದ ಹಂಗೇ, ಹಿಡಿದ ಕೆಲಸ ಒಂದೂ ಮುಗಿಸ್ದೋನಲ್ಲ ಅಂದ್ರು. ಆಮೇಲೆ ನನ್ನ ಜೊತೆ ಮಾತು ಬಿಟ್ರು. ಬಿಟ್ಟವರು ಹಂಗೇ ಹೋದ್ರು."

"ಭಾಯ್..."

"ರಾತ್ರಿ ನಿದ್ದೆ ಬರದಿದ್ರೆ ಆ ದಾರ ಕಟ್ತಾ ಮಲಗ್ತಿದ್ದೆ ಕಣೋ. ಹನ್ನೊಂದು ವರ್ಷ. ಕಟ್ಟಿದ್ದು ನೆನಪಾಗೋದು. ಆದ್ರೆ ತಮ್ಮ ಹೇಳಿದ್ದಾನಲ್ಲ, ಕಟ್ಲಿಲ್ಲ ಅಂತ. ಅವನ್ಯಾಕೆ ಸುಳ್ಳು ಹೇಳ್ತಾನೆ, ನನ್ನ ತಲೆಯೇ ಸರಿಯಿಲ್ಲ ಅಂದ್ಕೊಳ್ಳೋದು. ಅಬ್ಬಾ ಹೇಳಿದ್ದೇ ನಿಜ ಅಂದ್ಕೊಳ್ಳೋದು. ಹೇಳಿ ನೀನು ಹಗುರ ಆದೆ. ಇದನ್ನ ನಾನು ಯಾರಿಗೆ ಹೋಗಿ ಹೇಳ್ಲಿ ಈಗ? ಅಬ್ಬಾಗಾ?"

ನಾನು ಅವರ ಮೊಣಕಾಲು ಮುಟ್ಟಲು ಹೋದೆ. ಅವರು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಒಳಗಿನ ಕಡೆ ಮುಖ ತಿರುಗಿಸಿ, "ಅಮ್ಮಾ, ಇವರಿಗೆ ಟೀ ಕೊಡು. ಬಸ್ಸಿಗೆ ಹೊತ್ತಾಗುತ್ತೆ" ಎಂದರು. ಇವರಿಗೆ ಎಂದರು. ಟೀ ಕುಡಿದೆ. ಬರುತ್ತೇನೆ ಎಂದಾಗ ತಲೆಯಾಡಿಸಿದರು, ಬಾ ಎನ್ನಲಿಲ್ಲ. ಸಂಜೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಜನ ಆಕಾಶಕ್ಕೆ ಕೈ ಮಾಡಿ ಮಕ್ಕಳಿಗೆ ಅದನ್ನು ತೋರಿಸುತ್ತಿದ್ದರು. ನಾನು ತಲೆಯೆತ್ತಲಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಅಡುಗೆಮನೆಯಲ್ಲಿ ಘಾಟು ಆರಿತ್ತು. ನಾದಿನಿ ಕೈ ಒರೆಸಿಕೊಂಡು ನಿಂತಿದ್ದಳು. ನನ್ನ ಹೆಂಡತಿ ಬಿಡಿಸಿದ ಅವರೆಕಾಳನ್ನು ಪಾತ್ರೆಗೆ ಸುರಿಯುತ್ತ, "ಕೊನೆಗಾದ್ರೂ ಹೇಳಿದ್ರಲ್ಲ ಬಿಡಿ. ಎಷ್ಟೋ ಜನ ಅದನ್ನೂ ಮಾಡಲ್ಲ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ಉಳಿದದ್ದನ್ನೂ ಹೇಳಬೇಕಾಯಿತು.

ಆ ವರ್ಷವೇ ಮಳೆಗಾಲದ ಕೊನೆಗೆ ಭಾಯಿ ಹೋದರು. ಸುದ್ದಿ ಆಚಾರಿಯಿಂದ ನನ್ನ ಕಚೇರಿಯ ಫೋನಿಗೆ ಬಂತು. ಎರಡು ಬಸ್ಸು ಬದಲಿಸಿ ಮುರುಗಮಲ್ಲ ಸೇರುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ತಂದೆಯ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ಜನ ಚದುರುತ್ತಿದ್ದರು. ಅವರ ಅಣ್ಣ ನನ್ನ ಗುರುತು ಹಿಡಿದು, ಕೈ ಹಿಡಿದುಕೊಂಡು, ಪಕ್ಕದಲ್ಲಿದ್ದ ನಾಲ್ಕೈದು ಜನರಿಗೆ ತೋರಿಸಿದರು.

"ನಮ್ಮ ತಮ್ಮನ ಜೊತೆ ಬೆಟ್ಟಕ್ಕೆಲ್ಲಾ ಹೋಗ್ತಿದ್ದೋರು ಇವರೇ. ಪಾಪ, ನಮ್ಮೋನು ಒಂದು ಸಾರಿ ಬಾಲಚುಕ್ಕಿ ತೆಗೆದು, ಮರೆತು ಅದೇ ರೀಲ್ ಮದುವೆಗೆ ಕೊಟ್ಟು ಕಳಿಸ್ಬಿಟ್ಟ. ಅಬ್ಬಾ ಅದೇ ಕೊರಗಲ್ಲಿ ಹೋದ್ರು. ಬಹಳ ಮರೆವು ಅವನಿಗೆ. ಅಲ್ವೇನಪ್ಪಾ?"

ಅಂದರೆ ಭಾಯಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದ ಮೇಲೂ, ಅಷ್ಟು ತಿಂಗಳಲ್ಲಿ, ಸ್ವಂತ ಅಣ್ಣನಿಗೂ ಹೇಳಿರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಚಿಂತಾಮಣಿಯ ಬಸ್ಸು ಬಂತು, ಹತ್ತಿಕೊಂಡೆ.